ಕಬ್ಬನ್ ಪಾರ್ಕಿನ ಕಲ್ಲುಬೆಂಚು

ಕಲ್ಲಡ್ಕ
12 ಜನವರಿ 2025

ಪ್ರೀತಿಯ ತೃಪ್ತಿ,

'ಯಾರೋ ಎದ್ದುಹೋದ ಕಲ್ಲುಬೆಂಚು ಇನ್ನೂ ಬೆಚ್ಚಗಿತ್ತು.' ಇದರ ಮುಂದಿನ ಸಾಲು ಯಾವುದು? ನಾಲ್ಕು ದಿನಗಳಿಂದ ತಲೆಯೊಳಗೆ ಇಷ್ಟೇ ತಿರುಗುತ್ತಿದೆ. ನೀನು ಬರೆದದ್ದೆಂದು ನನ್ನ ನಂಬಿಕೆ. ಕಬ್ಬನ್ ಪಾರ್ಕಿನಲ್ಲಿ, ನಿನ್ನ ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ. ಅಥವಾ ನೀನು ಬರೆಯಲೇ ಇಲ್ಲವೋ, ಬಾಯಲ್ಲಿ ಹೇಳಿದ್ದನ್ನು ನಾನು ಇಷ್ಟು ವರ್ಷ ಬರೆದ ಸಾಲಿನಂತೆ ಇಟ್ಟುಕೊಂಡೆನೋ. ಎದ್ದುಹೋದವರು ಯಾರೆಂಬುದೂ ನೆನಪಿಲ್ಲ.

ನಾನು ಮಿಸ್ರಿಯಾ. ಮೂಡಬಿದಿರೆಯಲ್ಲಿ ಬಿ.ಎ.ಗೆ ಮೂರು ವರ್ಷ, ಕೊಣಾಜೆಯಲ್ಲಿ ಎಂ.ಎ.ಗೆ ಎರಡು ವರ್ಷ ನಿನ್ನ ಎಡಗಡೆ ಕೂತವಳು. ಈಗ ಇಲ್ಲೇ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಗಂಡ ಅಬ್ದುಲ್ ಶುಕೂರ್ ಸೌದಿಯ ಜುಬೈಲಿನ ಕೆಲಸ ಬಿಟ್ಟು ಬಂದು ಮೂರು ವರ್ಷವಾಯಿತು. ಮೇಲ್ಕಾರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾರೆ. ಮಗಳು ಹನಾಳ ನಿಕಾಹ್ ಕಳೆದ ತಿಂಗಳು ಆಯಿತು. ಮನೆಯೆದುರಿನ ಹೆದ್ದಾರಿಗೆ ಮೇಲ್ಸೇತುವೆ ಕಟ್ಟುತ್ತಾ ಕಟ್ಟುತ್ತಾ ಊರೇ ಧೂಳಿನ ಬಣ್ಣಕ್ಕೆ ತಿರುಗಿದೆ. ಅಂಗಳದ ದಾಸವಾಳದ ಎಲೆಯನ್ನು ಸೆರಗಿನಲ್ಲಿ ಒರೆಸಿದರೆ ಮಾತ್ರ ಹಸಿರು ಕಾಣುತ್ತದೆ. ಅದಕ್ಕೇ ಇರಬೇಕು, ಆ ಪಾರ್ಕು ಇಷ್ಟು ನೆನಪಾಗುವುದು.

2000ದ ಫೆಬ್ರವರಿ. ಪ್ರಬಂಧಕ್ಕೆ ಹಳೆಯ ಪತ್ರಿಕೆಗಳನ್ನು ನೋಡಲೆಂದು ಮೂರು ದಿನ ಬೆಂಗಳೂರಿಗೆ ಹೋಗಿದ್ದೆವು. ಪಾರ್ಕಿನೊಳಗಿನ ಆ ಕೆಂಪು ಗ್ರಂಥಾಲಯ, ಜೆರಾಕ್ಸ್ ಕೊಡುವುದಿಲ್ಲವೆಂದು ಕೈ ಸೋಲುವಷ್ಟು ನಕಲು ಮಾಡಿದ್ದು, ಮಧ್ಯಾಹ್ನ ಹೊರಗೆ ಬಂದರೆ ಕಣ್ಣು ಕುಕ್ಕುವ ಬಿಸಿಲು ಮತ್ತು ಅದರಡಿಯಲ್ಲಿ ಅಷ್ಟು ದೊಡ್ಡ ನೆರಳು. ನನ್ನ ಉಮ್ಮ ನನ್ನನ್ನು ಒಬ್ಬಳೇ ಕಳಿಸಿದ ಮೊದಲ ಊರು ಅದು. ಒಬ್ಬಳೇ ಎಂದರೆ ನಿನ್ನ ಜೊತೆ.

ಅಲ್ಲಿಂದ ಬಂದು ಪರೀಕ್ಷೆ ಬರೆದು ಹೋದವಳು ನೀನು, ನನ್ನ ಮೂರು ಕಾಗದಗಳಿಗೆ ಉತ್ತರ ಕೊಡಲಿಲ್ಲ. ಇಪ್ಪತ್ತೈದು ವರ್ಷ ಯಾಕೆಂದು ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ ಎಂದುಕೊಂಡಿದ್ದೇನೆ. ಅದನ್ನು ಇದರಲ್ಲಿ ಬರೆಯುವುದಿಲ್ಲ. ನೀನು ಇನ್ನೂ ನನ್ನ ಗೆಳತಿಯೋ ಅಲ್ಲವೋ ಮೊದಲು ತಿಳಿಯಲಿ.

ವಿಳಾಸವನ್ನು ಲಾಯಿಲದಲ್ಲಿ ನಿನ್ನ ಅಣ್ಣನಿಂದ ಪಡೆದೆ. ಫೋನ್ ನಂಬರೂ ಕೊಟ್ಟರು. ಒತ್ತಲು ಬೆರಳು ಬರಲಿಲ್ಲ.

ನಿನ್ನ
ಮಿಸ್ರಿಯಾ

*

ಬೆಂಗಳೂರು
24 ಜನವರಿ 2025

ಮಿಸ್ರಿ,

ಕೆಳಗಿನ ಮನೆಯವರು ನಿನ್ನ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ತಂದುಕೊಟ್ಟರು. ಕೈಬರಹದ ವಿಳಾಸ ನೋಡಿ ಸಾವಿನ ಸುದ್ದಿಯೆಂದು ಎಣಿಸಿದ್ದರಂತೆ. ನಾನು ಮೆಟ್ಟಿಲಲ್ಲೇ ಕೂತು ಓದಿ ನಕ್ಕದ್ದನ್ನು ನೋಡಿ ಅವರಿಗೆ ಸ್ವಲ್ಪ ಬೇಸರವಾದ ಹಾಗಿತ್ತು.

ಅದು ಕವಿತೆ ಅಲ್ಲ ಮಾರಾಯ್ತಿ. ಬೆಂಚು ಸುಡುತ್ತದೆ ಎಂದು ನೀನು ಛಂಗನೆ ಎದ್ದು ಶಾಲು ಮಡಚಿ ಹಾಕಿ ಕೂತೆ. 'ಯಾರು ಇದನ್ನು ಹೀಗೆ ಕಾಯಿಸಿಟ್ಟು ಹೋದದ್ದು?' ಎಂದು ಕೇಳಿದವಳೂ ನೀನೇ. ಮುಂದಿನ ಸಾಲಿಗಾಗಿ ನಾಲ್ಕು ದಿನ ಕಾದದ್ದು ವ್ಯರ್ಥವಾಯಿತು.

ನನ್ನ ಸುದ್ದಿ ಹೆಚ್ಚಿಲ್ಲ. ಸರಕಾರಿ ಕೆಲಸ. ಕಚೇರಿ ಅದೇ ಪಾರ್ಕಿನ ಆಚೆ ಬದಿಯಲ್ಲಿ, ರಸ್ತೆ ದಾಟಿದರೆ ಗೇಟು. ಮದುವೆ ಆಗಲಿಲ್ಲ. ಎರಡು ಕೋಣೆಯ ಮನೆ, ಒಂದು ಕೋಣೆ ತುಂಬ ಪುಸ್ತಕ. ಕನ್ನಡಕದ ನಂಬರು ನಿನಗಿಂತ ಹೆಚ್ಚೇ ಇರಬೇಕು.

ನಾನು ಉತ್ತರ ಬರೆಯದಿದ್ದ ಕಾರಣ ಗೊತ್ತಾಗಿದೆ ಎನ್ನುತ್ತೀ. ಗೊತ್ತಾಗಿರಲಿಕ್ಕಿಲ್ಲ. ಬಿಡು ಅದನ್ನು.

ಫೋನ್ ಬೇಡ. ನಂಬರ್ ಸಿಕ್ಕಿದೆಯೆಂದು ನೀನು ಬೆಳಿಗ್ಗೆ ಬೆಳಿಗ್ಗೆ ವಾಟ್ಸಾಪಿನಲ್ಲಿ ಗುಲಾಬಿ ಹೂ ಕಳಿಸುತ್ತಿ. ಕಾಗದವೇ ಇರಲಿ.

ತೃಪ್ತಿ

*

ಕಲ್ಲಡ್ಕ
2 ಫೆಬ್ರವರಿ 2025

ಪ್ರೀತಿಯ ತೃಪ್ತಿ,

ಕಾಗದವನ್ನು ಎಷ್ಟು ಸಲ ಓದಿದೆನೆಂದು ಹೇಳುವುದಿಲ್ಲ. ಶುಕೂರ್ ಕೇಳಿಯೇಬಿಟ್ಟರು, "ಎಂತ ಅದು, ಬ್ಯಾಂಕಿನವರದ್ದಾ?"

ನೀನು ಏನೇ ಹೇಳು, ಬೆಂಚಿನ ವಿಷಯದಲ್ಲಿ ನಾನು ಸೋಲುವುದಿಲ್ಲ. ಸುಡುತ್ತಿರಲಿಲ್ಲ, ಬೆಚ್ಚಗಿತ್ತು. ನಮಗಿಂತ ಮೊದಲು ಅಲ್ಲಿ ಯಾರೋ ಇದ್ದರು.

ಆ ಮೂರನೆಯ ದಿನ ನನಗೆ ಚಿತ್ರದ ಹಾಗೆ ಕಾಣುತ್ತದೆ. ಅಶೋಕ್ ಕಡಲೆಕಾಯಿ ಪೊಟ್ಟಣ ಹಿಡಿದುಕೊಂಡು ಬಂದದ್ದು, ಮೂಡಬಿದಿರೆಯ ಕಾಲೇಜಿನಲ್ಲಿದ್ದಾಗಿನದೇ ನೀಲಿ ಅಂಗಿ. ಆಗಷ್ಟೇ ಚಾಮರಾಜಪೇಟೆಯ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದ. ಕಡಲೆಕಾಯಿ ಮುಗಿದ ಮೇಲೆ ಪೊಟ್ಟಣದ ಕಾಗದವನ್ನು ಬಿಡಿಸಿ, ಜೇಬಿನಿಂದ ಪೆನ್ನು ತೆಗೆದು ಅದರಲ್ಲೂ ಎರಡು ತಪ್ಪು ತಿದ್ದಿದ. ನಾವು ಎಷ್ಟು ನಕ್ಕೆವು. ಎಂಟು ಮೂಲೆಯ ಆ ಕಬ್ಬಿಣದ ಬ್ಯಾಂಡ್ ಸ್ಟ್ಯಾಂಡಿನ ಮೇಲೆ ಮರದ ಗುಲಾಬಿ ಬಣ್ಣದ ಹೂ ಬಿದ್ದಿತ್ತು. ನೀನು ನೀರು ಕುಡಿದು ಬರುತ್ತೇನೆಂದು ಹೋದೆ. ನಮ್ಮಿಬ್ಬರನ್ನೇ ಬಿಟ್ಟು ಹೋಗುವುದೆಂದು ಮೊದಲೇ ಮಾತಾಗಿತ್ತಲ್ಲ.

ಅಶೋಕ್ ಈಗ ಬಿ.ಸಿ. ರೋಡಿನಲ್ಲಿದ್ದಾನೆ. ಸ್ವಂತ ಪ್ರೆಸ್. ತಲೆ ಪೂರ್ತಿ ಬೋಳು, ಇಬ್ಬರು ಹೆಣ್ಣುಮಕ್ಕಳು. ಹನಾಳ ನಿಕಾಹದ ಕಾಗದ ಅವನಲ್ಲೇ ಅಚ್ಚಾದದ್ದು. ಕರಡು ಕೊಡುವಾಗ ತಲೆಯೆತ್ತದೆ ಕೇಳಿದ, "ನಿಮ್ಮ ಫ್ರೆಂಡ್ ಈಗ ಎಲ್ಲಿ?" ನಾನು ಗೊತ್ತಿಲ್ಲವೆಂದೆ. "ಹೌದಾ" ಎಂದು ಒಂದು ಅಲ್ಪವಿರಾಮ ತಿದ್ದಿದ. ನಿನಗೆ ಬರೆಯಲೇಬೇಕೆಂದು ಅನಿಸಿದ್ದು ಆ ಹೊತ್ತಿನಲ್ಲಿ.

ಪಾರ್ಕು ಹೇಗುಂಟು ಈಗ? ರಸ್ತೆ ದಾಟಿದರೆ ಗೇಟು ಎಂದಿದ್ದಿ. ಒಳಗೆ ಹೋಗುತ್ತೀಯಾ? ಅಥವಾ ಹೋಗುವ ಮನಸ್ಸಾಗುವುದಿಲ್ಲವಾ?

ಇನ್ನೊಂದು ವಿಷಯ ಉಂಟು. ಎದುರೆದುರು ಕೂತು ಹೇಳುವಂಥದ್ದು.

ಮಿಸ್ರಿಯಾ

*

ಬೆಂಗಳೂರು
15 ಫೆಬ್ರವರಿ 2025

ಮಿಸ್ರಿ,

ಮನಸ್ಸಾಗದೆ ಏನು? ದಿನಾ ಹೋಗುತ್ತೇನೆ. ಇಪ್ಪತ್ಮೂರು ವರ್ಷದಿಂದ ನನ್ನ ಮಧ್ಯಾಹ್ನದ ಊಟ ಅಲ್ಲೇ, ಅದೇ ಬೆಂಚಿನಲ್ಲಿ, ಒಬ್ಬಳೇ. ಹೊರಗಿನ ತಿಂಡಿ ತರಬಾರದೆಂದು ಈಗ ಬೋರ್ಡು ಹಾಕಿದ್ದಾರೆ. ಕಾವಲಿನವನು ನನ್ನ ಬುತ್ತಿಯ ಹತ್ತಿರ ಬಂದಾಗ ಆಚೆಯ ಮರದಲ್ಲಿ ಏನೋ ಹಕ್ಕಿ ನೋಡುತ್ತಾನೆ.

ನೀನು ಕೇಳಿದ್ದಕ್ಕೆ ನಿನ್ನೆ ಊಟ ಮುಗಿಸಿ ಒಂದು ಸುತ್ತು ನಡೆದು ನೋಡಿಕೊಂಡು ಬಂದೆ. ದಿನಾ ಹೋಗುವ ಜಾಗವನ್ನು ಬೇರೆಯವರಿಗಾಗಿ ನೋಡುವುದು ಬೇರೆಯೇ. ಗುಲಾಬಿ ಬಣ್ಣದ ಹೂವಿನ ಮರಗಳಿಗೆ ಇದು ಹಬ್ಬದ ತಿಂಗಳು. ಅದರ ಕೆಳಗೆ ಮದುವೆಗೆ ಮೊದಲೇ ಫೋಟೊ ತೆಗೆಸುವ ಜೋಡಿಗಳು. ನಿನ್ನೆ ಒಬ್ಬ ಮದುಮಗ ಒಂದೇ ಹೂವನ್ನು ಹನ್ನೊಂದು ಸಲ ಕೊಟ್ಟ. ಹನ್ನೆರಡನೆಯ ಸಲಕ್ಕೆ ಹುಡುಗಿ "ಸಾಕು, ಹಸಿವಾಗ್ತಿದೆ" ಎಂದಳು. ಬಿದಿರು ಮೆಳೆಯಲ್ಲಿ ಹೆಸರು ಕೆತ್ತುವ ಚಟ ನಿಂತಿಲ್ಲ. ಭಾನುವಾರ ವಾಹನ ಬಿಡುವುದಿಲ್ಲ, ಊರಿನ ನಾಯಿಗಳೆಲ್ಲ ಅಂಗಿ ಹಾಕಿಕೊಂಡು ಬರುತ್ತವೆ. ಗ್ರಂಥಾಲಯದ ಕೆಂಪು ಹಾಗೇ ಇದೆ. ಶನಿವಾರ ಬೆಳಿಗ್ಗೆ ಚಾಪೆ ಹಾಸಿ ಮಾತಾಡದೆ ಓದುವವರ ಗುಂಪು ಸೇರುತ್ತದೆ. ನಾನು ಸೇರಲಿಲ್ಲ. ಮಾತಾಡದಿರಲು ಗುಂಪು ಯಾಕೆ?

ಅಶೋಕ್ ಚೆನ್ನಾಗಿದ್ದಾನೆಂದು ಕೇಳಿ ಸಮಾಧಾನ. ಅವನ ಬಗ್ಗೆ ಇಷ್ಟು ಸಾಕು.

ಎದುರೆದುರು ಹೇಳುವ ವಿಷಯ ಎದುರು ಬಂದಾಗ ಹೇಳು. ಅವಸರವಿಲ್ಲ.

ತೃಪ್ತಿ

*

ಕಲ್ಲಡ್ಕ
23 ಫೆಬ್ರವರಿ 2025

ತೃಪ್ತಿ,

ಅವಸರ ನನಗಿದೆ. ಇಪ್ಪತ್ಮೂರು ವರ್ಷ ಅದೇ ಬೆಂಚಿನಲ್ಲಿ ಒಬ್ಬಳೇ ಎಂದು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ನೀನು ತಮಾಷೆಯಾಗಿ ಬರೆದೆ. ತಮಾಷೆಯ ಹಿಂದೆ ಏನಿದೆಯೆಂದು ನನಗೆ ಕಾಣುತ್ತದೆ. ಆ ಬೆಂಚಿಗೆ ನಿನ್ನನ್ನು ಕಟ್ಟಿಹಾಕಿದವಳು ನಾನು. ಹೇಳಿಬಿಡುತ್ತೇನೆ.

ಕಳೆದ ನವೆಂಬರಿನಲ್ಲಿ ಪಕ್ಕದ ಮನೆಯ ಸೇಸಮ್ಮಕ್ಕ ತಂಗಿಯ ಮೊಮ್ಮಗ ಅಶ್ವಿತನ ನಿಶ್ಚಿತಾರ್ಥದ ಕಾಗದ ತಂದುಕೊಟ್ಟರು. ಹುಡುಗನ ಹೆಸರಿನ ಮುಂದೆ ಕೋಟ್ಯಾನ್, ಹುಡುಗಿಯ ಹೆಸರಿನ ಮುಂದೆಯೂ ಕೋಟ್ಯಾನ್. ನಾನು ದೊಡ್ಡ ತಿಳಿದವಳ ಹಾಗೆ ಕೇಳಿದೆ, "ಒಂದೇ ಬರಿಯವರು, ಒಂದೇ ಕುಲದವರು, ಅಣ್ಣ ತಂಗಿಯ ಹಾಗಲ್ವಾ ನಿಮ್ಮಲ್ಲಿ? ಮದುವೆ ಆಗ್ತದಾ?"

ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. "ಅದು ಇಬ್ಬರದ್ದೂ ಅಪ್ಪನ ಬರಿ ಟೀಚರೇ, ಶಾಲೆಯಲ್ಲಿ ಬರ್ಸಿದ್ದು. ಮದುವೆಗೆ ಅದನ್ನು ಯಾರು ಕೇಳ್ತಾರೆ? ಮಕ್ಕಳಿಗೆ ತಾಯಿಯ ಬರಿ. ಇವನದ್ದು ಬೇರೆ, ಅವಳದ್ದು ಬೇರೆ. ಎಂ.ಎ. ಓದಿ ಇಷ್ಟೂ ಗೊತ್ತಿಲ್ವಾ ನಿಮಗೆ?"

ಗೊತ್ತಿತ್ತು ತೃಪ್ತಿ. ಜಾನಪದ ಪತ್ರಿಕೆಯಲ್ಲಿ ಅಳಿಯಕಟ್ಟಿನ ಬಗ್ಗೆ ಹದಿನಾರು ಅಂಕದ ಉತ್ತರ ಬರೆದವಳು ನಾನು. ಕುಲ ತಾಯಿಯಿಂದ ಬರುತ್ತದೆ, ಆಸ್ತಿ ಸೋದರಮಾವನಿಂದ ಎಂದೆಲ್ಲ. ಅದು ಪುಸ್ತಕದಲ್ಲಿತ್ತು. ಬ್ಯಾಂಡ್ ಸ್ಟ್ಯಾಂಡಿನ ಹತ್ತಿರ ಅಶೋಕನೆದುರು ನಿಂತಾಗ ನನ್ನ ಬಾಯಲ್ಲಿ ಬಂದದ್ದು ನಮ್ಮ ಮನೆಯ ಮಾತು. ನಮ್ಮಲ್ಲಿ ಯಾರ ಮಗ ಎಂದರೆ ತಂದೆಯ ಹೆಸರು, ತಂದೆಯ ಮನೆ. "ನಿಮ್ಮ ತಂದೆಯವರದ್ದು ಯಾವ ಬರಿ?" ಎಂದೇ ಕೇಳಿದೆ. ಕೇಳಿದ್ದಕ್ಕಷ್ಟೇ ಉತ್ತರ ಹೇಳುವ ಮನುಷ್ಯ ಅವನು. "ಬಂಗೇರ" ಎಂದ. ನೀನು ಬಂಗೇರ. ನೀರು ಕುಡಿದು ಬಂದವಳ ಕಿವಿಯಲ್ಲಿ ನಾನು ಅದೇ ಹೇಳಿದೆ. ನಿನ್ನ ಮುಖ ಬಿಳಿಚಿದ್ದು, ಮತ್ತೆ ನೀನು ಅವನ ಕಡೆ ನೋಡದೆ ಬಸ್ಸಿನವರೆಗೂ ನಡೆದದ್ದು ನನಗೆ ನೆನಪಿದೆ.

ಅವನು ನಿನ್ನನ್ನು ಮದುವೆಗೆ ಕೇಳಿದ್ದ. ಹುಡುಗಿ ತಾನೇ ಬರಿ ಕೇಳಿದರೆ ಒಪ್ಪಿದ ಹಾಗೆ, ನಿಮ್ಮವರ ಹತ್ತಿರ ಕೇಳಿಸಿದರೆ ಲಾಯಿಲಕ್ಕೆ ಸುದ್ದಿ ಮುಟ್ಟುತ್ತದೆ ಎಂದು, ಕೇಳುವ ಕೆಲಸಕ್ಕೆ ನೀನು ನನ್ನನ್ನು ನಂಬಿದೆ. ನನ್ನ ಒಂದು ಪ್ರಶ್ನೆ ನಿನ್ನ ಸಂಸಾರವನ್ನೇ ತೆಗೆದುಬಿಟ್ಟಿತು. ನೀನು ಆಮೇಲೆ ಎಲ್ಲೋ ನಿಜ ತಿಳಿದೆ, ಅದಕ್ಕೇ ನನಗೆ ಬರೆಯುವುದನ್ನು ನಿಲ್ಲಿಸಿದೆ. ಹೀಗೇ ಅಲ್ಲವಾ?

ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆದಿದ್ದೇನೆ.

ಮಿಸ್ರಿಯಾ

*

ಕಲ್ಲಡ್ಕ
6 ಏಪ್ರಿಲ್ 2025

ತೃಪ್ತಿ,

ರಂಜಾನಿನ ನೋಂಬು ಮುಗಿಯಿತು, ಪೆರ್ನಾಲ್ ಹಬ್ಬ ಕಳೆಯಿತು. ದಿನಾ ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಪೋಸ್ಟ್‌ಮ್ಯಾನ್ ಹೋಗುವುದನ್ನು ಕಿಟಕಿಯಿಂದ ನೋಡುತ್ತೇನೆ. ನಮಾಜಿಗೆ ನಿಲ್ಲುವಾಗ ಮನಸ್ಸು ಗೇಟಿನಲ್ಲಿರುತ್ತದೆ. ಇದು ಸರಿಯಲ್ಲ.

ಉತ್ತರ ಬೇಡವೆಂದಿದ್ದರೆ ಖಾಲಿ ಲಕೋಟೆಯನ್ನಾದರೂ ಕಳಿಸು. ಅರ್ಥ ಮಾಡಿಕೊಳ್ಳುತ್ತೇನೆ.

ಮಿಸ್ರಿಯಾ

*

ಬೆಂಗಳೂರು
27 ಏಪ್ರಿಲ್ 2025

ಮಿಸ್ರಿಯಾ,

ನಿನ್ನ ಕಾಗದಕ್ಕೆ ಆರು ಉತ್ತರ ಬರೆದು ಹರಿದೆ. ಪ್ರತಿಯೊಂದರಲ್ಲೂ ನಾನು ಒಳ್ಳೆಯವಳಾಗಿ ಕಾಣುತ್ತಿದ್ದೆ. ಇದು ಏಳನೆಯದು.

ನೀನು ತಪ್ಪು ಕೇಳಿದ್ದು ನನಗೆ ಗೊತ್ತಿತ್ತು. ಬೆಂಗಳೂರಿನಿಂದ ಬಂದ ಮಾರನೆಯ ದಿನ ಅಶೋಕನಿಗೆ ಎರಡು ಸಾಲು ಬರೆದಿದ್ದೆ, ಬರಿ ಒಂದೇ, ಆದ್ದರಿಂದ ಮುಂದಿನ ಮಾತು ಬೇಡವೆಂದು. ಒಂಬತ್ತನೆಯ ದಿನ ಅವನ ಉತ್ತರ ಹಾಸ್ಟೆಲಿಗೆ ಬಂತು. 'ನಿಮ್ಮ ಗೆಳತಿ ಕೇಳಿದ್ದು ತಂದೆಯವರ ಬರಿ. ಅದಕ್ಕೆ ಹಾಗೆ ಹೇಳಿದೆ. ನನ್ನದು ತಾಯಿಯದು, ಕರ್ಕೇರ. ಯಾವ ಅಡ್ಡಿಯೂ ಇಲ್ಲ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.' ಅದೇ ಹಾಸ್ಟೆಲಿನಲ್ಲಿ, ಪಕ್ಕದ ಮಂಚದಲ್ಲಿ ನೀನು ಬೋರಲು ಮಲಗಿ ಅಡಿಟಿಪ್ಪಣಿ ಬರೆಯುತ್ತಿದ್ದೆ. ನಾನು ಕಾಗದವನ್ನು ಪ್ರಬಂಧದ ಕರಡಿನೊಳಗೆ ಇಟ್ಟೆ. ಅವನಿಗೂ ಬರೆಯಲಿಲ್ಲ, ನಿನಗೂ ಹೇಳಲಿಲ್ಲ. ಅವನ ಮನೆಯವರು ಬಂದು ಕೇಳಿದಾಗ ನಮ್ಮ ಮನೆಯಲ್ಲೂ ಬರಿ ಒಂದೇ ಅಂದೆ. ನಮ್ಮಲ್ಲಿ ಆ ಒಂದು ಮಾತಿಗೆ ಎದುರು ಮಾತಿಲ್ಲ. "ಯಾರು ಕೇಳಿದ್ದು?" ಎಂದಳು ಅಮ್ಮ. "ಮಿಸ್ರಿಯಾ" ಎಂದೆ. "ಅವಳು ಸುಳ್ಳು ಹೇಳುವ ಹುಡುಗಿಯಲ್ಲ" ಎಂದು ಅಮ್ಮ ಅವರ ಹತ್ತಿರ ಬರಿ ಕೇಳಲೂ ಹೋಗದೆ ಕಾಫಿ ಕೊಟ್ಟು ಕಳಿಸಿದಳು.

ಅಶೋಕನಲ್ಲಿ ದೋಷ ಏನೂ ಇರಲಿಲ್ಲ. ಕಷ್ಟವಾದದ್ದೇ ಅದು. ದೋಷವಿಲ್ಲದ ಹುಡುಗನನ್ನು ಬೇಡವೆನ್ನಲು ಆ ಕಾಲದಲ್ಲಿ, ನಮ್ಮ ಮನೆಯಲ್ಲಿ, ಒಂದು ಮಾತು ಬೇಕಿತ್ತು. ನೀನು ತಂದುಕೊಟ್ಟೆ.

ಬೆಂಚು ಬೆಚ್ಚಗಿತ್ತು. ನೀನು ಹೇಳಿದ್ದೇ ಸರಿ. ನಮಗಿಂತ ಮೊದಲು ಅಲ್ಲೊಬ್ಬರು ಹೆಂಗಸು ಇದ್ದರು. ಮೂರು ದಿನವೂ ಇದ್ದರು, ನೀನು ಗಮನಿಸಲಿಲ್ಲ. ಐವತ್ತರ ಹತ್ತಿರದವರು, ಬೂದುಬಣ್ಣದ ಕೈಮಗ್ಗದ ಸೀರೆ. ಚಪ್ಪಲಿ ಕಳಚಿ ಕಾಲನ್ನು ಹುಲ್ಲಿನ ಮೇಲಿಟ್ಟು, ಸ್ಟೀಲ್ ಡಬ್ಬಿಯಿಂದ ಮೊಸರನ್ನ ತಿನ್ನುತ್ತಾ, ಬಲಗೈ ಎಂಜಲಾದ್ದರಿಂದ ಎಡಗೈ ಕಿರುಬೆರಳಲ್ಲಿ ಪುಸ್ತಕದ ಪುಟ ತಿರುವುತ್ತಿದ್ದರು. ಯಾರಿಗೂ ಕಾಯುತ್ತಿರಲಿಲ್ಲ. ಯಾರೂ ಅವರನ್ನು ನೋಡುತ್ತಲೂ ಇರಲಿಲ್ಲ. ಲಾಯಿಲದಲ್ಲಿ ನಾನು ಬಸ್ ಸ್ಟಾಪಿನಲ್ಲಿ ಐದು ನಿಮಿಷ ನಿಂತರೆ ಮೂರು ಜನ, "ಎಂತ ತೃಪ್ತಿ, ಒಬ್ಬಳೇ? ಯಾರಿಗೆ ಕಾಯುವುದು?" ಎಂದು ಕೇಳುತ್ತಿದ್ದರು. ಮೂರನೆಯ ದಿನ ಅವರು ಡಬ್ಬಿ ಮುಚ್ಚಿ, ಬಾಯಿ ಒರೆಸಿ, ಎದ್ದುಹೋದರು. ನಾವು ಹೋಗಿ ಕೂತೆವು. ನೀನು ಬೆಂಚು ಬಿಸಿಯೆಂದೆ. ನನಗೆ ಆ ಬಿಸಿ ಬೇಕೆನಿಸಿತು. ನಗಬೇಡ. ನನಗೆ ಮುಂದೆ ಏನಾಗಬೇಕೆಂದು ಯಾರಾದರೂ ಕೇಳಿದ್ದರೆ ಆ ಹೆಂಗಸಾಗಬೇಕು ಎನ್ನುತ್ತಿದ್ದೆ. ಯಾರೂ ಕೇಳಲಿಲ್ಲ. ಅಶೋಕ್ ಯಾವಾಗ ಮದುವೆಯಾಗುವ ಎಂದು ಕೇಳಿದ, ನೀನು ಬರಿ ಕೇಳಿದೆ. ನನ್ನ ಮುಖ ಬಿಳಿಚಿದ್ದು ದುಃಖಕ್ಕಲ್ಲ. ಬಾಗಿಲು ಇಷ್ಟು ಸುಲಭವಾಗಿ ತೆರೆಯಿತಲ್ಲ ಎಂಬ ಗಾಬರಿಗೆ.

ನಿನಗೆ ಯಾಕೆ ಬರೆಯಲಿಲ್ಲವೆಂದರೆ, ನಿನ್ನ ಹೆಸರನ್ನು ಮುಂದಿಟ್ಟು ಸುಳ್ಳು ಹೇಳಿದ್ದೆ. ನೀನು ಪ್ರತಿ ಕಾಗದದಲ್ಲೂ 'ಅಶೋಕನ ವಿಷಯಕ್ಕೆ ಬೇಸರ ಮಾಡಿಕೊಳ್ಳಬೇಡ' ಎಂದು ಸಮಾಧಾನ ಹೇಳುತ್ತಿದ್ದೆ. ಮೂರನೆಯದನ್ನು ಓದಿದ ಮೇಲೆ ನಿನ್ನ ಅಕ್ಷರ ನೋಡಲು ಆಗಲಿಲ್ಲ.

ನನ್ನನ್ನು ಯಾರೂ ಆ ಬೆಂಚಿಗೆ ಕಟ್ಟಿಹಾಕಿಲ್ಲ. ಅಲ್ಲಿ ಕೂರಲಿಕ್ಕೆ ನಾನು ಬೆಲೆಯಾಗಿ ಕೊಟ್ಟದ್ದು ನಿನ್ನನ್ನು. ಅದು ಹೆಚ್ಚಾಯಿತೆಂದು ಕೆಲವು ಮಧ್ಯಾಹ್ನ ಅನಿಸಿದೆ.

ತೃಪ್ತಿ

*

ಕಲ್ಲಡ್ಕ
3 ಮೇ 2025

ತೃಪ್ತಿ,

ನಿನ್ನ ಮೇಲೆ ಸಿಟ್ಟು ಬಂದಿದೆ. ಮುಚ್ಚಿಡುವುದಿಲ್ಲ.

ನೀನು ಮದುವೆ ಬೇಡವೆಂದದ್ದಕ್ಕಲ್ಲ. ನನಗೊಂದು ಮಾತು ಹೇಳಿದ್ದರೆ ಸುಳ್ಳನ್ನು ನಾನೂ ಹೊರುತ್ತಿದ್ದೆ, ಸಂತೋಷದಿಂದ ಹೊರುತ್ತಿದ್ದೆ. ನನ್ನ ಮದುವೆಯ ದಿನ ಉಮ್ಮ ಕೇಳಿದರು, "ತೃಪ್ತಿ ಬರ್ಲಿಲ್ವಾ?" ಹನಾ ಹುಟ್ಟಿದಾಗ ಕೇಳಿದರು. ಸಾಯುವ ವರ್ಷವೂ ಒಮ್ಮೆ ಕೇಳಿದರು. ನಾನು ಪ್ರತಿ ಸಲವೂ ಏನೋ ಒಂದು ಕಾರಣ ಕಟ್ಟಿ ಹೇಳಿದೆ. ನಿನಗೆ ನಾಚಿಕೆಯಾಯಿತೆಂದು ನನ್ನ ಇಪ್ಪತ್ತೈದು ವರ್ಷ ಗೆಳತಿಯಿಲ್ಲದೆ ಹೋಯಿತು. ಶುಕೂರ್ ಒಳ್ಳೆಯವರು, ಆದರೆ ಅವರೊಡನೆ ಒಂದು ಪದ್ಯ ಓದಿದರೆ "ಚಂದ ಉಂಟು" ಎನ್ನುತ್ತಾರೆ, ಅಷ್ಟೇ.

ಮತ್ತೆ ಅವನು. 'ಉತ್ತರಕ್ಕೆ ಕಾಯುತ್ತೇನೆ' ಎಂದು ಬರೆದವನಿಗೆ ಉತ್ತರ ಕೊಡದಿರುವುದು ನಮಗೆ ಯಾರು ಕಲಿಸಿದ್ದು? ಬೇಡವೆನ್ನುವುದಕ್ಕೂ ಒಂದು ಕಾರ್ಡು ಸಾಕಿತ್ತು. ಹೆಂಡತಿ ಮಕ್ಕಳೊಂದಿಗೆ ಸುಖವಾಗಿದ್ದಾನೆ, ನಿಜ. ಆದರೂ ಅಲ್ಪವಿರಾಮ ತಿದ್ದುತ್ತಾ ಕೇಳಿದನಲ್ಲ.

ಅವನಿಗೆ ಬರೆದ ಮೇಲೆ ನನಗೆ ಬರೆ. ಅದಕ್ಕೆ ಮೊದಲು ಬೇಡ.

ಮಿಸ್ರಿಯಾ

*

ಬೆಂಗಳೂರು
15 ಜೂನ್ 2025

ಮಿಸ್ರಿ,

ಬರೆದೆ. ಅರ್ಧ ಪುಟ. ನಿನ್ನ ತಪ್ಪು ಯಾವುದು, ನನ್ನ ಸುಳ್ಳು ಯಾವುದು ಎಂದು ಬೇರೆ ಬೇರೆಯಾಗಿ ಬರೆದೆ. ಪ್ರೆಸ್ಸಿನ ವಿಳಾಸಕ್ಕೇ ಹಾಕಿದೆ, ಅವನ ಹೆಂಡತಿಯೂ ಓದಬಹುದಾದ ಹಾಗೆ.

ಆಗಸ್ಟಿನಲ್ಲಿ ಒಂದು ಗುರುವಾರ ಬಾ. ಒಂದು ಗಂಟೆಗೆ ಆ ಬೆಂಚಿಗೆ. ಕರೆದುಕೊಂಡು ಹೋಗಲು ನಾನು ಬಸ್ ಸ್ಟ್ಯಾಂಡಿಗೆ ಬರುವುದಿಲ್ಲ. ನೀನೇ ಬರಬೇಕು, ಒಬ್ಬಳೇ. ಬೈಯುವುದಿದ್ದರೆ ಅಲ್ಲೇ ಬೈ. ಕಾವಲಿನವನು ಆಗಲೂ ಹಕ್ಕಿ ನೋಡುತ್ತಾನೆ.

ತೃಪ್ತಿ

*

ಕಲ್ಲಡ್ಕ
24 ಆಗಸ್ಟ್ 2025

ಪ್ರೀತಿಯ ತೃಪ್ತಿ,

ಮೊನ್ನೆ ಮಾತಾಡಿದ್ದೇ ಅಷ್ಟಿತ್ತು, ಇನ್ನೇನು ಬರೆಯುತ್ತಾಳೆ ಎನ್ನುತ್ತಿ. ಹೇಳದೆ ಉಳಿದದ್ದು ಒಂದುಂಟು.

ಬೆಳಿಗ್ಗೆ ಐದೂವರೆಯ ಬಸ್ಸಿಗೆ ಶುಕೂರ್ ಬಿ.ಸಿ. ರೋಡಿನವರೆಗೆ ಬಿಟ್ಟರು. ನಾಲ್ಕು ಸಲ ಕೇಳಿದರು, "ನಾನು ಬರ್ಲಾ?" ಐದನೆಯ ಸಲ, "ಹೋಗಿ ಎಂತ ಮಾಡ್ತಿ ಅಲ್ಲಿ?" ಬೆಂಚಿನಲ್ಲಿ ಕೂರುತ್ತೇನೆ ಎಂದೆ. "ಬೆಂಚು ಇಲ್ಲಿ ಇಲ್ವಾ?" ಎಂದರು. ಶಿರಾಡಿ ಘಾಟಿಯಲ್ಲಿ ಗುಂಡಿಗಳು ನೀನು ಕಂಡದ್ದಕ್ಕಿಂತ ದೊಡ್ಡದಾಗಿವೆ. ಮೆಜೆಸ್ಟಿಕ್ಕಿನಲ್ಲಿ ಇಳಿದು ಆಟೊ ಹಿಡಿದೆ. ಗೇಟು ದಾಟಿದ ಕೂಡಲೇ ಗದ್ದಲ ಬೆನ್ನ ಹಿಂದೆ ಉಳಿಯಿತು. ಇದೊಂದು ಬದಲಾಗಿಲ್ಲ.

ನೀನು ಬರುವಾಗ ಇಪ್ಪತ್ತು ನಿಮಿಷ ತಡವಾಗಿತ್ತು. ಮೀಟಿಂಗ್ ಎಂದೆ. ನಿಜವೋ ಬೇಕೆಂದೇ ಮಾಡಿದ್ದೋ, ಕೇಳುವುದಿಲ್ಲ. ಮೊದಲ ಐದು ನಿಮಿಷ ನನಗೆ ಕೈ ಎಲ್ಲಿಡುವುದೆಂದು ಗೊತ್ತಾಗಲಿಲ್ಲ. ಫೋನ್ ತೆಗೆದೆ, ಇಟ್ಟೆ. ಯಾರಾದರೂ ಕೇಳಿದರೆ ಏನು ಹೇಳುವುದೆಂದು ಉತ್ತರ ಸಿದ್ಧಮಾಡಿಕೊಂಡೆ. ಯಾರೂ ಕೇಳಲಿಲ್ಲ. ಒಬ್ಬ ಅಜ್ಜ ಅತ್ತಲಿಂದ ಬಂದು ಇತ್ತ ಹೋದರು, ನನ್ನನ್ನು ಮರವನ್ನು ನೋಡುವಷ್ಟೇ ನೋಡಿದರು. ಆಮೇಲೆ ಚಪ್ಪಲಿ ಕಳಚಿದೆ. ಹುಲ್ಲು ಒದ್ದೆಯಿತ್ತು. ನಲವತ್ತೆಂಟು ವರ್ಷದಲ್ಲಿ ನಾನು ಯಾರ ಮಗಳು, ಯಾರ ಹೆಂಡತಿ, ಯಾರ ಉಮ್ಮ, ಯಾವ ಕಾಲೇಜಿನ ಟೀಚರ್ ಎಂಬುದು ಯಾರಿಗೂ ಬೇಡವಾದ ಜಾಗದಲ್ಲಿ ಕೂತದ್ದು ಅದೇ ಮೊದಲು. ಹತ್ತು ಹದಿನೈದು ನಿಮಿಷವಿರಬೇಕು. ದೂರದಲ್ಲಿ ನೀನು ಬುತ್ತಿ ಹಿಡಿದುಕೊಂಡು ಅವಸರದಲ್ಲಿ ಬರುವುದು ಕಂಡಿತು. ಇಷ್ಟು ವರ್ಷ ಕಾದ ಮುಖ. ಆದರೆ ನಿಜ ಹೇಳುತ್ತೇನೆ, ನಿನ್ನನ್ನು ಕಂಡಾಗ ಮೊದಲು ಅನಿಸಿದ್ದು, ಇನ್ನೊಂದು ಐದು ನಿಮಿಷ ತಡವಾಗಿ ಬರಬಾರದಿತ್ತಾ ಎಂದು.

ಆಗ ನನ್ನ ಸಿಟ್ಟು ಹೋಯಿತು. ಬೈಯಲು ಬಂದವಳು ನಿನ್ನ ಮೊಸರನ್ನದಲ್ಲಿ ಅರ್ಧ ತಿಂದದ್ದು ಅದಕ್ಕೇ.

ಅಶೋಕನನ್ನು ನಿನ್ನೆ ಕಂಡೆ, ಕಾಲೇಜಿನ ಪ್ರಶ್ನೆಪತ್ರಿಕೆ ಕೊಡಲು ಹೋದಾಗ. ನಿನ್ನ ಕಾಗದವನ್ನು ಹೆಂಡತಿಗೂ ಓದಿ ಹೇಳಿದನಂತೆ. "ಅವಳು ಎಂತ ಹೇಳಿದ್ಲು ಗೊತ್ತುಂಟಾ?" ಎಂದು ನಕ್ಕ. "ಪಾಪ, ಆ ಹುಡುಗಿಗೆ ಪಾರ್ಕಿನಲ್ಲಿ ಕೂರ್ಬೇಕಿತ್ತು, ನಿಮ್ಮನ್ನು ಕಟ್ಟಿಕೊಂಡ್ರೆ ದಿನಾ ಪ್ರೂಫ್ ನೋಡ್ಬೇಕಿತ್ತು ಅಂದ್ಲು." ಕಾಗದವನ್ನು ಏನು ಮಾಡಿದಿರಿ ಎಂದು ಕೇಳಿದೆ. ಫೈಲಿಗೆ ಹಾಕಿದ್ದೇನೆ, ಅದರಲ್ಲಿ ಒಂದೂ ತಪ್ಪಿಲ್ಲ ಎಂದ.

ಶುಕ್ರವಾರ ಸಂಜೆ ನಾನು ಆಟೊ ಇಳಿದು ಬಾಗಿಲಿನ ಬೀಗ ತೆಗೆಯುತ್ತಿದ್ದೆ. ಸೇಸಮ್ಮಕ್ಕ ದನದ ಹಟ್ಟಿಗೆ ಹುಲ್ಲು ಹಾಕಿ ಬಂದವರು ಹಾಗೇ ನಮ್ಮ ಜಗಲಿ ಹತ್ತಿದರು.

"ಎಲ್ಲಿಗೆ ಟೀಚರೇ, ಎರಡು ದಿನ ಕಾಣ್ಲಿಕ್ಕೇ ಇಲ್ಲ? ಪೇಪರ್ ತಿದ್ಲಿಕ್ಕಾ?"

"ಅಲ್ಲ, ಬೆಂಗಳೂರಿಗೆ. ಒಂದು ಪಾರ್ಕಿನಲ್ಲಿ ಕೂತು ಬಂದೆ."

"ಪಾರ್ಕಿನಲ್ಲಿ ಎಂತ ಉಂಟು?"

"ಮರ ಉಂಟು, ಬೆಂಚು ಉಂಟು."

"ಸಾಹೇಬ್ರು?"

"ಅವರು ಬರ್ಲಿಲ್ಲ. ನಾನು ಒಬ್ಬಳೇ ಕೂತದ್ದು. ಆಮೇಲೆ ಫ್ರೆಂಡ್ ಬಂದ್ಲು."

ನನ್ನನ್ನು ಗೇಲಿ ಮಾಡುತ್ತಾರೆಂದು ಕಾದೆ. ಅವರು ಮಾಡಲಿಲ್ಲ. ಸೀರೆಗೆ ಅಂಟಿದ ಹುಲ್ಲಿನ ಎಸಳುಗಳನ್ನು ಒಂದೊಂದಾಗಿ ತೆಗೆದರು. ತಮ್ಮ ಮನೆಯ ಕಡೆ ಒಮ್ಮೆ ತಿರುಗಿ ನೋಡಿದರು. ಮತ್ತೆ ಬಾಗಿಲಿಗೆ ಕೈಯಿಟ್ಟು, ದನಿ ತಗ್ಗಿಸಿ ಹೇಳಿದರು, "ಇನ್ನೊಮ್ಮೆ ಒಬ್ಬರೇ ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗಿ ಟೀಚರೇ. ನಾನು ಬೇರೆ ಬೆಂಚಲ್ಲಿ ಕೂತ್ಕೊಳ್ತೇನೆ."